ಹುಣಸೆ ತುಂಡಿನ ಎರಡು ಬಿರುಕು ಮತ್ತು ಹನ್ನೊಂದು ದಿನ

ಲೇತಿನಲ್ಲಿ (ಕಟ್ಟಿಗೆಯನ್ನು ಗರಗರ ತಿರುಗಿಸಿ ಉಳಿಯಿಂದ ಕೆತ್ತುವ ಯಂತ್ರ) ಬಟ್ಟಲು ಮಾಡೋಣ ಅಂತ ತಂದ ಹುಣಸೆ ಮರದ ತುಂಡು ಕೊನೆಗೂ ಬಟ್ಟಲಾಗಲಿಲ್ಲ. ಹನ್ನೊಂದು ದಿನ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನಿನ್ನೆ ಸಂಜೆ ಬ್ಯಾಂಡ್‌ಸಾ ಗರಗಸಕ್ಕೆ ಕೊಟ್ಟು ಸೀಳಿದೆ. ಒಳಗೆ ಕಂಡದ್ದು ನೋಡಿ ಮೈ ಜುಂ ಅಂತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ತುಂಡು ಬಂದದ್ದು ಗದಗ ಕಡೆಯ ಒಂದು ಕಟ್ಟಿಗೆ ಅಡ್ಡೆಯಿಂದ. 24 ಸೆಂ.ಮೀ. ಅಗಲ, 9 ಸೆಂ.ಮೀ. ದಪ್ಪ, ತೂಕ ಹತ್ತಿರ ಹತ್ತಿರ ನಾಲ್ಕು ಕೆಜಿ. ನಡುವೆ ಕಪ್ಪು-ನೇರಳೆ ಚೇಗು, ಸುತ್ತ ಹಳದಿ ಕಟ್ಟಿಗೆ. ನೋಡಿದ ಕೂಡಲೇ ಮನಸ್ಸು ಕೊಟ್ಟುಬಿಟ್ಟೆ. 'ಎರಡು ವರ್ಷ ಒಣಗೇತ್ರಿ ಸರ, ಕಲ್ಲಾಗೇತಿ' ಅಂದರು. ತುದಿಗಳಿಗೆ ಕೆಂಪು ಬಣ್ಣ ಬಳಿದಿತ್ತು. ತುದಿಗೆ ಬಣ್ಣ ಹಚ್ಚುವುದು ಒಳ್ಳೆಯದೇ, ಅಲ್ಲಿಂದ ತೇವ ಬೇಗ ಹೋಗಬಾರದು ಅಂತ ನಾವೆಲ್ಲ ಹಚ್ಚುತ್ತೇವೆ. ಆದರೆ ಹಸಿ ಇದ್ದಾಗ ಹಚ್ಚಬೇಕು. ಇಲ್ಲಿ ಬಿರುಕು ಬಿಟ್ಟ ಮೇಲೆ ಹಚ್ಚಿದ್ದರು. ಮನೆಗೆ ತಂದು ಬಣ್ಣ ಕೆರೆದಾಗ ಬಿರುಕಿನ ಒಳಗೂ ಬಣ್ಣ ಇಳಿದಿತ್ತು. ಇದು ನನಗೆ ನಿಜವಾಗಿ ಸಿಟ್ಟು ತರಿಸಿತು. ಬಿರುಕು ಇದೆ ಅಂತ ಹೇಳಿ ಮಾರಿದರೆ ಕಡಿಮೆ ದುಡ್ಡಿಗೆ ಖುಷಿಯಿಂದ ತಗೊಳ್ತೀವಿ. ಮುಚ್ಚಿ ಮಾರಿದರೆ ಲೇತ್ ಮುಂದೆ ನಿಲ್ಲುವವರ ಮುಖಕ್ಕೆ ಬರುತ್ತದೆ.

ತೇವ ಅಳೆಯುವ ಮೀಟರ್ ಚುಚ್ಚಿದರೆ ಹೊರಗೆ ಶೇಕಡಾ 14. ತುದಿಯಿಂದ ಎರಡು ಬೆರಳು ಕತ್ತರಿಸಿ ಹೊಸ ಮುಖಕ್ಕೆ ಚುಚ್ಚಿದೆ, 23! ನನ್ನ ಷೆಡ್ಡಿನಲ್ಲಿ ವರ್ಷಗಟ್ಟಲೆ ಬಿದ್ದಿರುವ ತುಂಡುಗಳು 11ರ ಆಸುಪಾಸು ತೋರಿಸುತ್ತವೆ. ಮರ ಕುಗ್ಗಲು ಶುರು ಮಾಡುವುದೇ ತೇವ 30ರ ಹತ್ತಿರ ಬಂದ ಮೇಲೆ. ಅಂದರೆ ಇದರ ಅರ್ಧಕ್ಕಿಂತ ಹೆಚ್ಚು ಕುಗ್ಗುವಿಕೆ ಇನ್ನೂ ಬಾಕಿ. ಮೇಲಾಗಿ ಕಾಂಡದ ನಟ್ಟನಡುವಿನ ತಿರುಳನ್ನು ತೆಗೆಯದೆ ಹಾಗೇ ಬಿಟ್ಟಿದ್ದರು. ಒಣಗುವಾಗ ಮರ ಬಳೆಯ (ಬೆಳವಣಿಗೆಯ ಉಂಗುರದ) ಗುಂಟ ಕುಗ್ಗುವುದು, ತಿರುಳಿನಿಂದ ಹೊರಕ್ಕೆ ಕುಗ್ಗುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಜಾಸ್ತಿ. ತಿರುಳು ಒಳಗಿದ್ದರೆ ಅದು ಎಲ್ಲೋ ಒಂದು ಕಡೆ ಬಾಯಿ ಬಿಡಲೇಬೇಕು.

ಇಲ್ಲಿ ಎರಡು ಬಿರುಕು. ಒಂದು ಬೆರಳುಗುರು ಹೋಗುವಷ್ಟು ದೊಡ್ಡದು. ಎದುರು ತುದಿಯಲ್ಲಿ ಇನ್ನೊಂದು, ಕೂದಲೆಳೆಯಷ್ಟು. ಮೊದಲ ದಿನ ನಾನು ದೊಡ್ಡದನ್ನೇ ನೋಡುತ್ತಾ ಕೂತೆ, ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಸ್ಪಿರಿಟ್ ಒರೆಸಿದ ಮೇಲೆ ಲೆಕ್ಕ ಬದಲಾಯಿತು. ಮೇಲ್ಮೈ ನಿಮಿಷದಲ್ಲಿ ಆರುತ್ತದೆ, ಬಿರುಕಿನೊಳಗೆ ಹೋದದ್ದು ಆರುವುದಿಲ್ಲ, ಕಪ್ಪು ಗೆರೆಯಾಗಿ ಉಳಿಯುತ್ತದೆ. ದೊಡ್ಡ ಬಿರುಕು ಕಂಡ ಜಾಗದಲ್ಲೇ ಮುಗಿದಿತ್ತು. ಕೂದಲೆಳೆ ಮಾತ್ರ ಕಣ್ಣಿಗೆ ಕಂಡದ್ದಕ್ಕಿಂತ 3 ಸೆಂ.ಮೀ. ಮುಂದೆ ಓಡಿತ್ತು. ಅದೂ ದೊಡ್ಡದರ ನೇರಕ್ಕೆ, ಒಂದೇ ಎಳೆಯ ಗುಂಟ.

ಎರಡರ ತುದಿಗೂ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದೆ. ಇದನ್ನು ದಯವಿಟ್ಟು ಎಲ್ಲರೂ ಮಾಡಿ, ಪೈಸೆ ಖರ್ಚಿಲ್ಲ. ಹನ್ನೊಂದನೇ ದಿನಕ್ಕೆ ದೊಡ್ಡದು ಗೆರೆಯಲ್ಲೇ ನಿಂತಿತ್ತು, ಸಣ್ಣದು 9 ಮಿ.ಮೀ. ದಾಟಿತ್ತು. ಒಂದು ಸತ್ತ ಬಿರುಕು, ಒಂದು ಜೀವಂತ ಬಿರುಕು. ಹಗ್ಗ ಕಟ್ಟಿ ತೂಗುಹಾಕಿ ಉಳಿಯ ಹಿಡಿಯಿಂದ ತಟ್ಟಿದೆ. ಒಂದು ಕಡೆ 'ಟಣ್', ಸಣ್ಣ ಬಿರುಕಿನ ಕಡೆ ಒಡೆದ ಮಡಕೆ ತಟ್ಟಿದ ಹಾಗೆ 'ದೊಪ್'.

ಅಂಟು ಹಾಕಿದರೆ ಸಾಕಲ್ವಾ ಅಂತ ನೀವು ಕೇಳುತ್ತೀರಿ. ಹೋದ ವರ್ಷ ನಾನೂ ಒಂದು ಬೇವಿನ ಬಟ್ಟಲಿಗೆ ತೆಳು ಸಿಎ ಅಂಟು (ಫೆವಿಕ್ವಿಕ್ ಥರದ್ದು) ಕುಡಿಸಿ ಧೈರ್ಯವಾಗಿ ಲೇತಿಗೆ ಹಾಕಿದ್ದೆ. ಅದು ಎರಡು ಹೋಳಾಗಿ ಒಂದು ಗೋಡೆಗೆ ಬಡಿಯಿತು. ಮುಖಕ್ಕೆ ಶೀಲ್ಡ್ ಇತ್ತು, ನಾನು ಬಟ್ಟಲಿನ ನೇರಕ್ಕೆ ನಿಂತಿರಲಿಲ್ಲ, ಅದಕ್ಕೇ ಬಚಾವ್. ಒಡೆದ ಮುಖ ನೋಡಿದರೆ ಅಂಟು ಇಳಿದದ್ದು ಮೇಲಿನ 4 ಮಿ.ಮೀ. ಮಾತ್ರ, ಒಳಗೆಲ್ಲ ಒಣ ಕಟ್ಟಿಗೆ. ಸಣ್ಣ ಸತ್ತ ಬಿರುಕು ತುಂಬಲು, ಪುಡಿ ಉದುರದ ಹಾಗೆ ಹಿಡಿಯಲು ಸಿಎ ಸರಿ. ಎರಡು ಹೋಳನ್ನು ಹಿಡಿದಿಡುವ ಕೆಲಸ ಅದರದಲ್ಲ.

ಲೆಕ್ಕ ಹಾಕಿ ನೋಡಿ. 24 ಸೆಂ.ಮೀ. ತುಂಡು 800 ಆರ್‌ಪಿಎಂನಲ್ಲಿ ತಿರುಗಿದರೆ ಅಂಚು ಸೆಕೆಂಡಿಗೆ 10 ಮೀಟರ್ ಓಡುತ್ತದೆ, ಗಂಟೆಗೆ 36 ಕಿ.ಮೀ. ತಲಾ ಎರಡು ಕೆಜಿಯ ಎರಡು ಅರ್ಧಗಳನ್ನು ಹೊರಕ್ಕೆ ಎಳೆಯುವ ಬಲ ಸುಮಾರು 70 ಕೆಜಿ ತೂಕದಷ್ಟು. ವೇಗ 400ಕ್ಕೆ ಇಳಿಸಿದರೆ ಅದು ಕಾಲುಭಾಗಕ್ಕೆ ಬರುತ್ತದೆ. ಗಟ್ಟಿ ಹುಣಸೆಗೆ 70 ಕೆಜಿ ಏನೂ ಅಲ್ಲ. ಆದರೆ ಎರಡೂ ಕಡೆಯಿಂದ ಬಿರುಕು ಬಂದು ನಡುವೆ ನಾಲ್ಕು ಬೆರಳು ಮಾತ್ರ ಉಳಿದಾಗ, ಗೌಜ್ ಉಳಿ ಒಂದು ಸಲ ಕಚ್ಚಿಕೊಂಡರೆ ಸಾಕು.

ಸೀಳಿದಾಗ ಆ ನಾಲ್ಕು ಬೆರಳೂ ಇರಲಿಲ್ಲ. ಮೇಲೆ ಎಲ್ಲೂ ಕಾಣದ ಮೂರನೇ ಬಿರುಕು ಒಳಗೆ ಅಡ್ಡ ಮಲಗಿತ್ತು, ಸರಿಯಾಗಿ ನಾನು ಟೆನನ್ (ಲೇತಿಗೆ ಹಿಡಿಸಲು ತಳದಲ್ಲಿ ಬಿಡುವ ಗಿಡ್ಡ ಗುಬಟು) ಬಿಡಬೇಕು ಅಂದುಕೊಂಡ ಜಾಗದಲ್ಲಿ. ತುಂಡನ್ನು ಕಚ್ಚಿ ತಿರುಗಿಸುವ ಚಕ್ಕಿನ ಹಲ್ಲು ಅಲ್ಲೇ ಹಿಡಿಯುತ್ತಿತ್ತು. ಅಂಚಿನಲ್ಲಿ ನಿಂತ ಸತ್ತ ಬಿರುಕನ್ನು ಟೇಲ್‌ಸ್ಟಾಕ್ (ಎದುರಿನಿಂದ ಆನಿಕೆ ಕೊಡುವ ಲೇತಿನ ಭಾಗ) ಒತ್ತಿ, ಕಡಿಮೆ ವೇಗದಲ್ಲಿ ನಾನು ಇನ್ನು ಮುಂದೆಯೂ ತಿರುಗಿಸುತ್ತೇನೆ. ಟೆನನ್ ಒಳಗೆ ಬಂದ ಬಿರುಕು, ಎದುರುಬದುರು ಓಡುವ ಬಿರುಕು, ಬಳೆಯ ಗುಂಟ ಈರುಳ್ಳಿ ಸಿಪ್ಪೆಯ ಹಾಗೆ ಬಿಡುವ ಬಿರುಕು, ಇವು ಎಷ್ಟು ಸಣ್ಣ ಇದ್ದರೂ ಬೇಡ.

ನಡುವೆ ಒಂದು ಮಾತು: ಮುಂದಿನ ಕೆಲಸ ತೊಟ್ಟಿಲು! ಕಲಘಟಗಿಯ ಬಣ್ಣದ ತೊಟ್ಟಿಲು ಗೊತ್ತಲ್ಲ, ಸಾಗವಾನಿ, ಅರಗಿನ ಬಣ್ಣ. ಅಂಥದ್ದಕ್ಕೆ ನಾನು ಕೈ ಹಾಕುವಷ್ಟು ಕಲಿತಿಲ್ಲ, ತಂಗಿಯ ಮಗಳ ಗೊಂಬೆಗೆ ಒಂದು ಮೊಳದ್ದು ಸಾಕು. ಕಂಬಿಗಳನ್ನು ಲೇತಿನಲ್ಲೇ ತಿರುಗಿಸಿ, ತಿರುಗುವಾಗಲೇ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೆ ಬಣ್ಣ ಕರಗಿ ಕೂರುವ ಹಾಗೆ ಮಾಡಬೇಕು. ಹಾಲೆ ಮರ ಸಿಕ್ಕರೆ ಒಳ್ಳೆಯದು. ಯಾರಿಗಾದರೂ ಹಾವೇರಿ ಕಡೆ ಸಿಗುವುದು ಗೊತ್ತಿದ್ದರೆ ಹೇಳಿ, ಬಣ್ಣ ಬಳಿದು ಬಿರುಕು ಮುಚ್ಚದವರ ಹತ್ತಿರ.

ಸೀಳಿದ ಹುಣಸೆಯಲ್ಲಿ ಬಿರುಕು ಬಿಟ್ಟ ಭಾಗ ತೆಗೆದು ಮೂರು ಗಟ್ಟಿ ತುಂಡು ಸಿಕ್ಕವು. ಒಂದರಲ್ಲಿ ಇವತ್ತು ಬೆಳಿಗ್ಗೆ ಬುಗುರಿ ಮಾಡಿದೆ. ಚೇಗು ಎಣ್ಣೆ ಕುಡಿದು ನೇರಳೆ ಹಣ್ಣಿನ ಬಣ್ಣಕ್ಕೆ ಬಂದಿದೆ, ಚಾಟಿ ಬೀಸಿದರೆ ಗುಂಯ್ ಅಂತ ಹಾಡುತ್ತದೆ. ಉಳಿದ ಎರಡಕ್ಕೆ ಮೇಣ ಹಚ್ಚಿ ಅಟ್ಟದ ಮೇಲೆ ಇಟ್ಟಿದ್ದೇನೆ. ಒಂದರ ಮೂಲೆಯಲ್ಲಿ ಸಾಸಿವೆಯಷ್ಟು ಒಂದು ಬಿರುಕಿದೆ, ಅದರ ತುದಿಗೆ ಗೆರೆ ಎಳೆದು ಇವತ್ತಿನ ತಾರೀಖು ಬರೆದಿದ್ದೇನೆ.