ಜಾವಾ ಮುಗಿಸೋಕೆ ಎಷ್ಟು ದಿನ ಬೇಕು?

"ಮೇಡಂ, ಜಾವಾ ಮುಗಿಸೋಕೆ ಎಷ್ಟು ದಿನ ಬೇಕು?"

ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ. ಬಸ್ಸಿನಲ್ಲಿ ಕೇಳುತ್ತಾರೆ. ಪೇರೆಂಟ್ಸ್ ಮೀಟಿಂಗ್‌ನಲ್ಲಂತೂ ಮಗನ ಅಟೆಂಡೆನ್ಸ್ ಎಷ್ಟಿದೆ ಅಂತ ಕೇಳುವ ಮೊದಲೇ ಇದನ್ನು ಕೇಳುತ್ತಾರೆ. ನಾನು ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ 11 ವರ್ಷಗಳಿಂದ ಎರಡನೇ ವರ್ಷದ ಮಕ್ಕಳಿಗೆ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಕಲಿಸುತ್ತಿದ್ದೇನೆ. ಮಕ್ಕಳ ಬಾಯಲ್ಲಿ ಅದು ಊಪ್ಸ್. ಕಲಿಸುವುದು ಜಾವಾ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ. ಹಾಗಾಗಿ ಪ್ರಶ್ನೆ ನನ್ನ ಹತ್ತಿರವೇ ಬರುತ್ತದೆ.

ಉತ್ತರ ಇಲ್ಲಿದೆ. ಮೊದಲ ವರ್ಷದಲ್ಲಿ ಸಿ ಭಾಷೆ ಚೆನ್ನಾಗಿ ಬರೆದವರಿಗೆ ಜಾವಾದ ವ್ಯಾಕರಣ ಒಂದು ತಿಂಗಳ ಕೆಲಸ. ಕ್ಲಾಸ್ ಅಂದರೆ ಅಚ್ಚು ಬರೆಯುವುದು, ಆ ಅಚ್ಚಿನಿಂದ ಆಬ್ಜೆಕ್ಟ್ ಮಾಡುವುದು, ಒಂದು ಕ್ಲಾಸಿನ ಗುಣಗಳನ್ನು ಇನ್ನೊಂದಕ್ಕೆ ಕೊಡುವ ಇನ್‌ಹೆರಿಟೆನ್ಸ್, ಇಂಟರ್ಫೇಸ್, ಎಕ್ಸೆಪ್ಶನ್ ಎಲ್ಲ ಸೇರಿ. ಅದರ ಮುಂದಿನದ್ದಕ್ಕೆ ಒಂದು ಸೆಮಿಸ್ಟರ್ ಸಾಲುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಮುಖ ಸಪ್ಪಗಾಗುತ್ತದೆ. "ನಮ್ಮ ಹುಡುಗ ಯೂಟ್ಯೂಬ್‌ನಲ್ಲಿ 12 ಗಂಟೆಯ ವಿಡಿಯೋ ನೋಡಿ ಮುಗಿಸಿಬಿಟ್ಟ, ನೀವು ನಾಲ್ಕು ತಿಂಗಳು ಏನು ಮಾಡ್ತೀರಿ?" ಅಂತ ಒಬ್ಬರು ನೇರವಾಗಿಯೇ ಕೇಳಿದರು. ನನಗೆ ಸಿಟ್ಟು ಬರುವುದು ಆ 'ಮುಗಿಸು' ಅನ್ನುವ ಮಾತಿಗೆ. ಈಜು ಮುಗಿಸಿದೆ ಅಂತ ಯಾರಾದರೂ ಹೇಳುತ್ತಾರಾ? ಅಡುಗೆ ಕಲಿಯೋದು ಮುಗೀತು ಅಂತ ನಮ್ಮಮ್ಮ ಯಾವತ್ತೂ ಹೇಳಿಲ್ಲ. ಸಿಲಬಸ್ ಮುಗಿಯುತ್ತದೆ, ರೆಕಾರ್ಡ್ ಬುಕ್ ಮುಗಿಯುತ್ತದೆ. ಅವೆರಡೂ ಮುಗಿದ ಮೇಲೂ ಮಕ್ಕಳು ಖಾಲಿ ಫೈಲ್ ಮುಂದೆ ಕೈಕಟ್ಟಿ ಕೂರುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ವೈವಾದಲ್ಲಿ ಪಾಲಿಮಾರ್ಫಿಸಂ ಅಂದರೆ ಏನು ಅಂತ ಕೇಳಿ, ಉಸಿರು ತೆಗೆದುಕೊಳ್ಳದೆ ಹೇಳುತ್ತಾರೆ. ಇಲ್ಲಿ ಅದು ಯಾಕೆ ಬೇಕು ಅಂತ ಕೇಳಿದರೆ ಮಾತಿಲ್ಲ.

ಇದರಲ್ಲಿ ಮಕ್ಕಳ ತಪ್ಪಿಗಿಂತ ನಾವು ಕೊಡುವ ಉದಾಹರಣೆಗಳ ತಪ್ಪು ಜಾಸ್ತಿ. ಪ್ರಾಣಿ ಅನ್ನುವ ಕ್ಲಾಸ್, ಅದರಿಂದ ನಾಯಿ, ಅದರಿಂದಲೇ ಬೆಕ್ಕು. ನಾಯಿ ಬೊಗಳುತ್ತೆ, ಬೆಕ್ಕು ಮಿಯಾಂವ್ ಅನ್ನುತ್ತೆ. ಎಲ್ಲ ಪುಸ್ತಕದಲ್ಲೂ, ಎಲ್ಲ ವಿಡಿಯೋದಲ್ಲೂ ಇದೇ. ಎಷ್ಟು ಮೋಸದ ಉದಾಹರಣೆ ಅಂತ ನನಗೆ ಸರಿಯಾಗಿ ಅರ್ಥ ಮಾಡಿಸಿದವನು ತಿಪಟೂರು ಕಡೆಯ ಒಬ್ಬ ಹುಡುಗ.

ತಿಪಟೂರು ಅಂದರೆ ಕೊಬ್ಬರಿ. ಆ ಹುಡುಗನ ಮನೆಯಲ್ಲಿ ತೆಂಗಿನ ತೋಟವೂ ಇತ್ತು, ಕೊಬ್ಬರಿ ಮಂಡಿಯೂ ಇತ್ತು. ಮಿನಿ ಪ್ರಾಜೆಕ್ಟ್‌ಗೆ ಮಂಡಿಯ ಲೆಕ್ಕವನ್ನೇ ತೆಗೆದುಕೊಂಡಿದ್ದ. ನನಗೆ ಖುಷಿಯಾಗಿತ್ತು, ಯಾಕಂದ್ರೆ ಉಳಿದ ಅರ್ಧ ಕ್ಲಾಸು ಲೈಬ್ರರಿ ಮ್ಯಾನೇಜ್‌ಮೆಂಟ್ ಮಾಡುತ್ತಿತ್ತು. ಅವನು ವ್ಯಕ್ತಿ ಅಂತ ಒಂದು ಕ್ಲಾಸ್ ಬರೆದಿದ್ದ. ಅದನ್ನು ಎಕ್ಸ್‌ಟೆಂಡ್ ಮಾಡಿ, ಅಂದರೆ ಅದರ ಗುಣಗಳನ್ನೆಲ್ಲ ಪಡೆದು ಬೆಳೆಸಿ, ರೈತ; ಮತ್ತೊಮ್ಮೆ ಎಕ್ಸ್‌ಟೆಂಡ್ ಮಾಡಿ ವರ್ತಕ. ಥೇಟ್ ನಾಯಿ, ಬೆಕ್ಕಿನ ಹಾಗೆ. "ಔಟ್‌ಪುಟ್ ಬಂತು ಮೇಡಂ" ಅಂತ ಕರೆದ. ನೋಡಿದೆ, ಎಲ್ಲ ಸರಿಯಾಗಿ ಬರುತ್ತಿತ್ತು. ಅಪ್ಪನ ಹೆಸರು ರೈತರ ಪಟ್ಟಿಯಲ್ಲೂ ಇತ್ತು, ವರ್ತಕರ ಪಟ್ಟಿಯಲ್ಲೂ ಇತ್ತು.

"ನಿಮ್ಮಪ್ಪನ ಫೋನ್ ನಂಬರ್ ಬದಲಾಯಿಸಿ ತೋರಿಸು" ಅಂದೆ.

ಬದಲಾಯಿಸಿದ. ರೈತರ ಪಟ್ಟಿಯಲ್ಲಿ ಹೊಸ ನಂಬರ್ ಬಂತು. ವರ್ತಕರ ಪಟ್ಟಿಯಲ್ಲಿ ಹಳೆಯದೇ ಉಳಿಯಿತು. ಹುಡುಗ ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದ. ಆಮೇಲೆ ಹೇಳಿದ: "ಮೇಡಂ, ನಮ್ಮಪ್ಪ ಒಬ್ರೇ. ಇಲ್ಲಿ ಇಬ್ಬರಾಗಿಬಿಟ್ಟಿದ್ದಾರೆ."

11 ವರ್ಷದಲ್ಲಿ ಲ್ಯಾಬಿನಲ್ಲಿ ನಾನು ಕೇಳಿದ ಅತ್ಯುತ್ತಮ ಮಾತು ಅದು. ಜಾವಾದಲ್ಲಿ ಒಂದು ಕ್ಲಾಸ್ ಇನ್ನೊಂದೇ ಒಂದು ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಬಹುದು. ಹಾಗಾಗಿ ಅಪ್ಪನನ್ನು ಒಟ್ಟಿಗೆ ರೈತನೂ ವರ್ತಕನೂ ಮಾಡಲು ಅವನಿಗೆ ದಾರಿ ಇರಲಿಲ್ಲ. ಎರಡು ಆಬ್ಜೆಕ್ಟ್ ಮಾಡಿ, ಒಂದೇ ಹೆಸರು, ಒಂದೇ ನಂಬರ್ ತುಂಬಿದ್ದ. ಔಟ್‌ಪುಟ್ ಬಂದಿತ್ತು, ಆದರೆ ಅಪ್ಪ ಎರಡಾಗಿದ್ದರು.

ನಾಯಿ ಸಾಯುವವರೆಗೂ ನಾಯಿಯೇ. ಅದು ನಾಳೆ ಬೆಕ್ಕಾಗುವುದಿಲ್ಲ, ಬೆಳಿಗ್ಗೆ ನಾಯಿ ಸಂಜೆ ಬೆಕ್ಕು ಅಂತಲೂ ಇರುವುದಿಲ್ಲ. ಮನುಷ್ಯ ಹಾಗಲ್ಲ. ಇವತ್ತು ರೈತ, ನಾಳೆ ವರ್ತಕ, ಎರಡು ವರ್ಷದ ಮೇಲೆ ಮಂಡಿ ಮುಚ್ಚಿ ಮತ್ತೆ ಬರೀ ರೈತ. ರೈತನಾಗಿರುವುದು ಅವನು ಮಾಡುವ ಕೆಲಸ. ಅದನ್ನು ಹುಟ್ಟುಗುಣದ ಹಾಗೆ ಎಕ್ಸ್‌ಟೆಂಡ್ ಮಾಡಿ ಅಂಟಿಸಿದರೆ ಆಮೇಲೆ ಕೀಳೋಕೆ ಬರುವುದಿಲ್ಲ. ವ್ಯಕ್ತಿ ಒಬ್ಬನೇ ಇರಲಿ, ಅವನ ಪಾತ್ರಗಳನ್ನು ಬೇರೆ ಆಬ್ಜೆಕ್ಟ್‌ಗಳಾಗಿ ಅವನ ಜೊತೆ ಇಡೋಣ, ಬೇಕಾದಾಗ ಸೇರಿಸೋಣ, ಬೇಡವಾದಾಗ ತೆಗೆಯೋಣ. ಪುಸ್ತಕದಲ್ಲಿ ಇದನ್ನೇ ಕಂಪೋಸಿಶನ್ ಅನ್ನುತ್ತಾರೆ. ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆ ಅಷ್ಟೇ. ಆ ಹುಡುಗನಿಗೆ ಅಪ್ಪನ ಪ್ರಶ್ನೆ.

ಅವನು ತುಂಬಾ ನೊಂದುಕೊಂಡಿದ್ದ. ಹಾಗಾಗಿ ಜಾವಾದ್ದೇ ಒಂದು ಕಥೆ ಹೇಳಿದೆ. ಜಾವಾದಲ್ಲಿ ಸ್ಟ್ಯಾಕ್ ಅಂತ ಒಂದು ಕ್ಲಾಸ್ ಮೊದಲಿನಿಂದಲೂ ಇದೆ. ಸ್ಟ್ಯಾಕ್ ಅಂದರೆ ಒಂದರ ಮೇಲೊಂದು ಪೇರಿಸಿದ ತಟ್ಟೆಗಳ ಹಾಗೆ. ಇಡುವುದೂ ಮೇಲೆ, ತೆಗೆಯುವುದೂ ಮೇಲಿಂದ. ಆದರೆ ಅದನ್ನು ಬರೆದವರು ವೆಕ್ಟರ್ ಅನ್ನುವ ಪಟ್ಟಿಯ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಿ ಬರೆದರು. ಪಟ್ಟಿಯಲ್ಲಿ ನಡುವೆ ತೂರಿಸಬಹುದು, ನಡುವಿನಿಂದ ಎಳೆಯಬಹುದು. ಅದೆಲ್ಲ ಸ್ಟ್ಯಾಕ್‌ಗೂ ಬಂದುಬಿಟ್ಟಿತು. ಜಾವಾ ಹೊರಬಂದದ್ದು 1995ರಲ್ಲಿ, ಆ ಸ್ಟ್ಯಾಕ್ ಇವತ್ತೂ ಹಾಗೇ ಇದೆ. ಅದನ್ನು ನಂಬಿ ಬರೆದ ಹಳೆಯ ಕೋಡ್ ಕೆಡಬಾರದು ಅಂತ ಬದಲಾಯಿಸಲು ಆಗುವುದಿಲ್ಲ. ಅದರ ಬದಲು ಎರಡು ತುದಿಯಲ್ಲೂ ಇಡುವ, ತೆಗೆಯುವ ಡೆಕ್ ಬಳಸಿ ಅಂತ ಜಾವಾದ ಕೈಪಿಡಿಯೇ ಹೇಳುತ್ತದೆ. ಭಾಷೆ ಕಟ್ಟಿದವರೇ ಎಡವಿದ ಜಾಗ ಇದು. ಎರಡನೇ ವರ್ಷದ ಮಗು ಎಡವಿದರೆ ಅದರಲ್ಲಿ ನಾಚಿಕೆ ಏನಿದೆ?

ಈ ಇಡೀ ವಿಷಯ ಹುಟ್ಟಿದ್ದೂ ಇಂಥ ಲೆಕ್ಕಗಳಿಂದಲೇ. ನಾರ್ವೆಯ ಓಸ್ಲೋದಲ್ಲಿ ಓಲೆ ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಅನ್ನುವ ಇಬ್ಬರು ನಿಜ ಜಗತ್ತಿನ ವ್ಯವಸ್ಥೆಗಳನ್ನು ಕಂಪ್ಯೂಟರ್‌ನಲ್ಲಿ ನಡೆಸಿ ನೋಡಲು ಸಿಮುಲಾ ಅನ್ನುವ ಭಾಷೆ ಕಟ್ಟಿದರು. 1967ರ ಸಿಮುಲಾದಲ್ಲಿ ಕ್ಲಾಸ್ ಇತ್ತು, ಅದರಿಂದ ಇನ್ನೊಂದು ಕ್ಲಾಸ್ ಬೆಳೆಸುವುದೂ ಇತ್ತು. ಅಂದರೆ ಮೊದಲು ಜಗತ್ತನ್ನು ನೋಡಬೇಕು, ಆಮೇಲೆ ಕ್ಲಾಸ್ ಬರೆಯಬೇಕು. ನಾವು ಉಲ್ಟಾ ಕಲಿಸುತ್ತಿದ್ದೇವೆ. ನಾಲ್ಕು ಪದ ಬಾಯಿಪಾಠ ಮಾಡಿಸಿ, ಅವಕ್ಕೆ ತಕ್ಕ ಜಗತ್ತು ಹುಡುಕುತ್ತೇವೆ.

ಹಾಗಾಗಿ ಎಷ್ಟು ದಿನ ಅನ್ನುವುದನ್ನು ಬಿಟ್ಟು, ಯಾರಾದರೂ "ಮೇಡಂ, ಔಟ್‌ಪುಟ್ ಬಂದಿದೆ, ಆದರೆ ಕೋಡ್ ಚೆನ್ನಾಗಿದೆಯಾ?" ಅಂತ ಕೇಳಿದರೆ ನಾನು ಊಟ ಬಿಟ್ಟು ಕೂತು ಉತ್ತರಿಸುತ್ತೇನೆ. ಬಾಕಿ ಅನ್ನುವ ಫೀಲ್ಡನ್ನು ಹೊರಗಿನವರು ಮುಟ್ಟದ ಹಾಗೆ ಪ್ರೈವೇಟ್ ಮಾಡಿ, ಪಕ್ಕದಲ್ಲೇ ಅದನ್ನು ಯಾರು ಬೇಕಾದರೂ ಬದಲಾಯಿಸುವ ಹಾಗೆ ಸೆಟ್‌ಬಾಕಿ ಅಂತ ಪಬ್ಲಿಕ್ ಮೆಥಡ್ ಬರೆದಿದ್ದೀಯಾ? ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ನೇತುಹಾಕಿದ ಹಾಗೆ. ಮಂಡಿಯಲ್ಲಿ ಯಾರೂ ಬಾಕಿಯನ್ನು ಸುಮ್ನೆ ತಿದ್ದುವುದಿಲ್ಲ. ಮಾಲು ಬಂದರೆ ಬಾಕಿ ಏರುತ್ತದೆ, ದುಡ್ಡು ಕೊಟ್ಟರೆ ಇಳಿಯುತ್ತದೆ. ಆ ಎರಡು ಕೆಲಸಗಳೇ ನಿನ್ನ ಮೆಥಡ್‌ಗಳಾಗಬೇಕು. ಒಂದೇ ನಂಬರಿನ ಎರಡು ಲಾಟ್ ಸಮ ಅಂತ ಈಕ್ವಲ್ಸ್ ಬರೆದಿದ್ದೀಯಾ, ಸಮವಾದವುಗಳಿಗೆ ಒಂದೇ ಸಂಖ್ಯೆ ಕೊಡಬೇಕಾದ ಹ್ಯಾಶ್‌ಕೋಡ್ ಬರೆಯಲಿಲ್ಲವಾ? ಹಾಗಾದರೆ ಒಂದನ್ನು ಒಂದೇ ಸಲ ಇಟ್ಟುಕೊಳ್ಳಬೇಕಾದ ಹ್ಯಾಶ್‌ಸೆಟ್‌ಗೆ ಅದೇ ಲಾಟ್ ಎರಡು ಸಲ ನುಗ್ಗುತ್ತದೆ, ಯಾವ ಎರರ್ ಕೂಡ ಬರುವುದಿಲ್ಲ. ಇವುಗಳಲ್ಲಿ ಒಂದೊಂದನ್ನೂ ಹತ್ತು ನಿಮಿಷದಲ್ಲಿ ಹೇಳಬಹುದು. ತನ್ನದೇ ಕೋಡಿನಲ್ಲಿ ಎಡವುವವರೆಗೆ ಯಾವುದೂ ತಲೆಗೆ ಇಳಿಯುವುದಿಲ್ಲ. ನಾಲ್ಕು ತಿಂಗಳು ನಾವು ಮಾಡುವುದು ಇದನ್ನೇ, ಎಡವಲು ಜಾಗ ಕೊಟ್ಟು ಪಕ್ಕದಲ್ಲಿ ನಿಲ್ಲುವುದನ್ನು.

ಆ ಹುಡುಗ ವಾರದ ಕೊನೆಗೆ ಊರಿಗೆ ಹೋಗಿ ಹೊಸ ಕೋಡನ್ನು ಅಪ್ಪನಿಗೆ ತೋರಿಸಿದ. ಈ ಸಲ ಅಪ್ಪ ಒಬ್ಬರೇ, ಪಾತ್ರ ಎರಡು. ಅವರು ನೋಡಿ ಒಂದೇ ಪ್ರಶ್ನೆ ಕೇಳಿದರಂತೆ: "ನಮ್ ತೋಟದ ಕೊಬ್ಬರಿ ನಮ್ ಮಂಡಿಗೇ ಹಾಕಿದ್ರೆ, ಬಾಕಿ ಯಾರು ಯಾರಿಗೆ ಕೊಡ್ಬೇಕಪ್ಪಾ?"

ಸೋಮವಾರ ಆ ಪ್ರಶ್ನೆ ಹಿಡಿದುಕೊಂಡು ನನ್ನ ಹತ್ತಿರ ಬಂದ. ಕೊಟ್ಟವನೂ ಕೊಂಡವನೂ ಒಬ್ಬನೇ ಆದರೆ ಆ ವ್ಯವಹಾರವನ್ನು ತಡೆಯಬೇಕಾ, ಬಿಡಬೇಕಾ? ಬಾಕಿ ಇರಬೇಕಾದ್ದು ವ್ಯಕ್ತಿಯ ಹತ್ತಿರವಾ, ಪಾತ್ರದ ಹತ್ತಿರವಾ? ಬೋರ್ಡಿನ ಮೇಲೆ ಬರೆದೆವು, ಅಳಿಸಿದೆವು, ಮತ್ತೆ ಬರೆದೆವು. ಲ್ಯಾಬಿಗೆ ಬೀಗ ಹಾಕಲು ಬಂದ ಅಟೆಂಡರ್ ಅವತ್ತು ಎರಡು ಸಲ ವಾಪಸ್ ಹೋದರು.