ಕುಂಬಳೆಯಿಂದ ಬದಿಯಡ್ಕಕ್ಕೆ, ಅಲ್ಲಿಂದ ದೊಡ್ಡಮ್ಮನ ಮನೆಗೆ

ಏಪ್ರಿಲ್ ನಡುವೆ ಬರುವ ಬಿಸು ಹಬ್ಬಕ್ಕೆ (ಸೌರ ಯುಗಾದಿ) ಇನ್ನೂ ಹತ್ತು ಹದಿನೈದು ದಿನ ಇರುವಾಗಲೇ ದೊಡ್ಡಮ್ಮನಲ್ಲಿಗೆ ಹೋಗಿಬರುವುದು ಒಳ್ಳೆಯದು. ಬಿಸುವಿನ ದಿನ ಕಣಿ (ದೇವರ ಮುಂದೆ ಜೋಡಿಸಿಟ್ಟ ಫಲವಸ್ತು) ನೋಡಿ ಹಿರಿಯರ ಕಾಲು ಹಿಡಿಯಲು ಮನೆ ತುಂಬ ಜನ ಇರುತ್ತಾರೆ. ಎಂಬತ್ತು ದಾಟಿದ ದೊಡ್ಡಮ್ಮನ ಪಕ್ಕ ಕೂತು ನಾಲ್ಕು ಮಾತಾಡಲು ಆಗ ಯಾರಿಗೂ ಆಗುವುದಿಲ್ಲ. ಬಿಸುವಿಗೆ ಮುಂಚಿನ ಮೀನ ತಿಂಗಳ ಒಂದು ಸಾದಾ ದಿನ ಸಾಕು. ಪೇಟೆಯ ಕೆಲಸವೂ ಮುಗಿಯಬೇಕಾದ್ದರಿಂದ ಭಾನುವಾರ ಬೇಡ.

ಮಂಗಳೂರು ಕಡೆಯಿಂದ ಬರುವವರು ಕಾಸರಗೋಡಿನವರೆಗೆ ಹೋಗದೆ ಕುಂಬಳೆಯಲ್ಲೇ ರೈಲು ಇಳಿದರೆ ಸುತ್ತು ತಪ್ಪುತ್ತದೆ. ಅಲ್ಲಿಂದ ಸೀತಾಂಗೋಳಿ, ನೀರ್ಚಾಲು ದಾಟಿ ಬದಿಯಡ್ಕ. ಬಸ್ಸಿನ ಬೋರ್ಡು ಮಲಯಾಳದಲ್ಲಿದ್ದರೆ ‘ಬದಿಯಡ್ಕಕ್ಕಾ?’ ಎಂದು ಕೇಳಿ ಹತ್ತಿದರಾಯಿತು. ದಾರಿಯುದ್ದಕ್ಕೂ ಒಣಹುಲ್ಲಿನ ಪದವು (ಗುಡ್ಡೆಯ ಮೇಲಿನ ಬಯಲು), ಕೆಂಪುಕಲ್ಲು ಕಡಿದ ಹೊಂಡಗಳು, ಗೇರುಮರಗಳು. ತಗ್ಗಿಗೆ ಇಳಿದಲ್ಲೆಲ್ಲ ಅಡಕೆ ತೋಟದ ತಂಪು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು 1915ರಿಂದ 2015ರವರೆಗೆ ನೂರು ತುಂಬಿಸಿ ಬಾಳಿದ್ದು ಈ ಸೀಮೆಯಲ್ಲೇ; ಅವರ ಮನೆ ಇದ್ದದ್ದು ಬದಿಯಡ್ಕದ ಹತ್ತಿರದ ಪೆರಡಾಲದಲ್ಲಿ.

ಬದಿಯಡ್ಕದಲ್ಲಿ ಮೊದಲ ಕೆಲಸ ಮದ್ದಿನಂಗಡಿ. ಚೀಟಿಯ ಜೊತೆಗೆ ದೊಡ್ಡಮ್ಮ ಈಗ ನುಂಗುತ್ತಿರುವ ಮಾತ್ರೆಯ ಪಟ್ಟಿಯ ಎರಡೂ ಬದಿಯ ಫೋಟೋ ಮೊದಲೇ ತರಿಸಿಕೊಂಡಿರಬೇಕು. ಅಂಗಡಿ ಬದಲಾದರೆ ಅದೇ ಮದ್ದು ಬೇರೆ ಕಂಪನಿಯ ಹೆಸರಿನಲ್ಲಿ, ಬೇರೆ ಬಣ್ಣದಲ್ಲಿ ಸಿಗುತ್ತದೆ. ಹಳೆಯದೊಂದು, ಹೊಸದೊಂದು ಎಂದು ಹಿರಿಯರು ಎರಡನ್ನೂ ನುಂಗಿಬಿಡುವುದು ಹೀಗೆಯೇ. ಆಮೇಲೆ ಹಲ್ಲಿಗೆ ಮೆತ್ತಗಾಗುವ ಬಾಳೆಹಣ್ಣು. ಅಡಕೆ ಮಾರುವ ಕೆಲಸವನ್ನು ಈ ದಿನಕ್ಕೆ ಸೇರಿಸಬೇಡಿ. ಒಣಗಿಸಿ ಸುಲಿದ ಚಾಲಿ ಅಡಕೆಯಿಂದ ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಕಡಿಮೆ ದರ್ಜೆಯವನ್ನು ಬೇರೆ ಮಾಡಿ ತೂಗಿ ಮುಗಿಯುವಾಗ ಅರ್ಧ ದಿನ ಹೋಗುತ್ತದೆ, ಆ ಅರ್ಧ ದಿನ ದೊಡ್ಡಮ್ಮನದು.

ರಿಕ್ಷಾ ಹತ್ತುವಾಗಲೇ ಹಿಂದೆ ಬರುವ ಹೊತ್ತನ್ನೂ ಮಾತಾಡಿಕೊಳ್ಳಬೇಕು. ತೋಟದ ಬುಡದ ಮನೆಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅಪರೂಪ. ಹತ್ತೂವರೆಗೆ ಅಂಗಳ ಮುಟ್ಟಿದರೆ ಹದ. ಒಂದು ಗಂಟೆಗೆ ಮುಟ್ಟಿದರೆ ಊಟದ ಗಡಿಬಿಡಿ, ಎರಡಕ್ಕೆ ಅವರು ಮಲಗುವ ಹೊತ್ತು. ‘ಆಸರಿಂಗೆ ಎಂತ ಬೇಕು?’ (ಕುಡಿಯಲು ಏನು ಬೇಕು?) ಎಂದು ಕೇಳಿ ಬೆಲ್ಲ, ನೀರು ತಂದಿಡುತ್ತಾರೆ. ಬೇಡ ಎನ್ನಬಾರದು.

ಪಿಂಚಣಿಗಾಗಿ ಯಂತ್ರಕ್ಕೆ ಬೆರಳಿನ ಗುರುತು ಕೊಡುವ ಕೆಲಸ ಬಾಕಿ ಇದ್ದರೆ ಅದನ್ನು ಬೆಳಗ್ಗೆಯೇ ಮುಗಿಸಬೇಕು. ಪಿಂಚಣಿಯ ಮಸ್ಟರಿಂಗ್, ಅಂದರೆ ಪಿಂಚಣಿದಾರರು ಬದುಕಿದ್ದಾರೆಂದು ದಾಖಲಿಸುವುದು, ಯಾವಾಗ ಎಂದು ಕೇರಳ ಸರಕಾರ ತಿಳಿಸುತ್ತದೆ; 2023ರಲ್ಲಿ ಏಪ್ರಿಲ್ 1ಕ್ಕೇ ಶುರುವಾಗಿತ್ತು. ನಡೆಯಲಾಗದವರ ಹೆಸರನ್ನು ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಮೊದಲೇ ಹೇಳಿಟ್ಟರೆ ಅವರೇ ಮನೆಗೆ ಬರುತ್ತಾರೆ. ಕೇಂದ್ರದಲ್ಲಾದರೆ 30 ರೂಪಾಯಿ, ಮನೆಗೆ ಬಂದರೆ 50. ತೊಂದರೆ ಬರುವುದು ಬೆರಳಿನಿಂದ. ವಯಸ್ಸಾದಾಗ ಚರ್ಮ ತೆಳುವಾಗಿ ಗೆರೆ ಸವೆದಿರುತ್ತದೆ; ಜೊತೆಗೆ ಇದು ಗೇರುಬೀಜದ ಕಾಲ. ಬೀಜ ಹೆಕ್ಕಿ ತಿರುಪಿದ ಕೈಗೆ ಸೊನೆ ತಾಗಿ ಸಿಪ್ಪೆ ಏಳುತ್ತದೆ, ಯಂತ್ರ ಆ ಹೆಬ್ಬೆರಳನ್ನು ಗುರುತಿಸುವುದಿಲ್ಲ. ಹಾಗಾಗಿ ಒಂದು ವಾರ ಮೊದಲೇ ‘ದೊಡ್ಡಮ್ಮ, ಬೀಜ ಮುಟ್ಟಬೇಡಿ’ ಎಂದು ಹೇಳಿಡಬೇಕು. ಗಾಜಿನ ಮೇಲೆ ಜಿಡ್ಡು ಕೂರುವುದರಿಂದ ಕೈಗೆ ಎಣ್ಣೆ ಹಚ್ಚಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಸಾಬೂನು ಹಾಕಿ ತೊಳೆದು, ಒರೆಸಿ, ಪೂರ್ತಿ ಒಣಗುವ ಮೊದಲು ಇಡಿಸಬೇಕು. ಹೆಬ್ಬೆರಳು ಆಗದಿದ್ದರೆ ಉಳಿದ ಬೆರಳುಗಳನ್ನು ಒಂದೊಂದಾಗಿ ನೋಡಬೇಕು. ಅದೂ ಆಗದಿದ್ದರೆ ಕಣ್ಣಿನ ಯಂತ್ರ: ಕನ್ನಡಕ ತೆಗೆಸಿ, ಬಿಸಿಲಿಗೆ ಬೆನ್ನು ಮಾಡಿ ಕೂರಿಸಿ. ಯಾವುದೂ ಆಗದವರಿಗೆ ಪಂಚಾಯತಿಗೆ ಜೀವಂತ ಪ್ರಮಾಣಪತ್ರ ಕೊಡುವ ದಾರಿ ಉಂಟು. ಮೂರು ನಾಲ್ಕು ಸಲ ತಪ್ಪಿದಾಗ ಹಿರಿಯರ ಮುಖ ಬಾಡುತ್ತದೆ. ‘ಯಂತ್ರದ್ದು ತಪ್ಪು, ನಿಮ್ಮದಲ್ಲ’ ಎಂದು ಹತ್ತಿರ ಇದ್ದವರು ಹೇಳಬೇಕು.

ಊಟಕ್ಕೆ ಮೊದಲು ಸುರಂಗದ ಕಡೆಗೊಮ್ಮೆ ಹೋಗಿಬನ್ನಿ. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಈ ಮಾಟೆಗಳೇ ಇಲ್ಲಿನ ಎಷ್ಟೋ ಮನೆಗಳ ಬಾವಿ. ಮೀನ ತಿಂಗಳಲ್ಲಿ ಒರತೆ ಬೆರಳು ಗಾತ್ರಕ್ಕೆ ಇಳಿಯುತ್ತದೆ. ಕೊಡ ತುಂಬಲು ಹೋದ ವರ್ಷಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಒಳಗೆ ಮಣ್ಣು ಜರಿದಿರಬಹುದು, ಬೇರು ಇಳಿದಿರಬಹುದು. ಅನುಭವ ಇಲ್ಲದವರು ಒಳಗೆ ನುಗ್ಗಬಾರದು, ಗಾಳಿ ಸಾಲದೆ ಉಸಿರು ಕಟ್ಟುತ್ತದೆ.

ಮಾತಿಗೆ ಒಳ್ಳೆಯ ಹೊತ್ತೆಂದರೆ ಹಪ್ಪಳದ ಹೊತ್ತು. ಬೆಳೆದ, ಆದರೆ ಸಿಹಿ ಏರದ ಹಲಸಿನಕಾಯಿ ಬೇಕು. ಹಣ್ಣಿನ ಕಡೆ ತಿರುಗಿದ್ದಾದರೆ ಹಪ್ಪಳ ಕರಿಯುವಾಗ ಕೆಂಪಾಗುತ್ತದೆ. ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಕೊತ್ತಂಬರಿ ಹಾಕಿ ಗುದ್ದಬೇಕು. ತಣಿದ ಮೇಲೆ ಗುದ್ದಿದರೆ ಹಿಟ್ಟು ಕೂಡಿಬರುವುದಿಲ್ಲ, ಒತ್ತುವಾಗ ಅಂಚು ಒಡೆಯುತ್ತದೆ. ನೀರು ಒಂದು ಹನಿಯೂ ಬೇಡ. ದೊಡ್ಡಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತು, ಅಂಗೈಗೆ ಎಣ್ಣೆ ಸವರಿ ಸಣ್ಣ ನಿಂಬೆಯಷ್ಟರ ಉಂಡೆ ಕಟ್ಟುತ್ತಾರೆ. ಯಂತ್ರಕ್ಕೆ ಸಿಗದ ಆ ಬೆರಳುಗಳು ಕಟ್ಟಿದ ಉಂಡೆಗಳಲ್ಲಿ ಒಂದೂ ಹೆಚ್ಚು ಕಡಿಮೆ ಇರುವುದಿಲ್ಲ. ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತುವುದು, ಅಂಗಳದ ಚಾಪೆಯಲ್ಲಿ ಹರಡುವುದು ಬಂದವರ ಕೆಲಸ. ಕೈ ಕೆಲಸದಲ್ಲಿದ್ದರೆ ಹಳೆಯ ಮಾತು ಕೇಳದೆಯೇ ಬರುತ್ತದೆ. ಯಾರ ಮದುವೆ ಯಾವ ಮಳೆಗೆ ಆಯಿತು, 1956ರಲ್ಲಿ ಊರು ಕೇರಳಕ್ಕೆ ಸೇರಿದಾಗ ಮನೆಯ ಹಿರಿಯರು ಏನೆಂದಿದ್ದರು, ಎಲ್ಲ. ಫೋನನ್ನು ಚೀಲದಲ್ಲೇ ಬಿಡಿ.

ನಾಲ್ಕು ಗಂಟೆಗೆ ಹೊರಡಬೇಕು. ಈ ತಿಂಗಳಲ್ಲಿ ಸಂಜೆಗೆ ಗುಡುಗು ಕಟ್ಟುವುದುಂಟು; ಮೂಡಣ ಕಪ್ಪಾದರೆ ಮೊದಲು ಚಾಪೆ ಸಮೇತ ಹಪ್ಪಳ ಒಳಗೆ, ಆಮೇಲೆ ಚೀಲ. ಬಾಳೆಬಳ್ಳಿಯಲ್ಲಿ ಕಟ್ಟಿದ ಇಪ್ಪತ್ತೈದು ಹಪ್ಪಳದ ಒಂದು ಕಟ್ಟು ಚೀಲಕ್ಕೆ ಬಂದೇ ಬರುತ್ತದೆ, ‘ಮನೆಗೆ ಮುಟ್ಟಿ ಇನ್ನೊಂದು ಬಿಸಿಲು ತೋರಿಸಿ’ ಎಂಬ ಮಾತಿನೊಂದಿಗೆ.