ಇಂಗ್ಲೆಂಡಿನ ಮಣ್ಣುದಾರಿ: ಎಲ್ಲಿ ಗಾಡಿ ಓಡಿಸಬಹುದು, ಎಲ್ಲಿ ಕೂಡದು

ಇಂಗ್ಲೆಂಡಿಗೆ ಬಂದ ನಮ್ಮ ಕನ್ನಡದ ಹುಡುಗರು ಒಂದು ಹಳೇ ಲ್ಯಾಂಡ್ ರೋವರ್ರೋ, ಹಿಮಾಲಯನ್ ಬೈಕೋ ತಗೊಂಡ ಕೂಡಲೇ ಕೇಳುವ ಪ್ರಶ್ನೆ ಒಂದೇ. ಆ ಗುಡ್ಡದ ಮೇಲೆ ಹೋಗುವ ಮಣ್ಣುದಾರಿಯಲ್ಲಿ ಓಡಿಸಬಹುದಾ?

ದಾರಿ ನೋಡಿ ಹೇಳಲು ಆಗುವುದಿಲ್ಲ. ಅಗಲವಾಗಿದೆ, ಟೈರಿನ ಗುರುತು ಬಿದ್ದಿದೆ, ಗೇಟೂ ತೆರೆದಿದೆ, ಆದರೂ ಅದು ಬರೀ ಕಾಲುದಾರಿ ಆಗಿರಬಹುದು. ಟೈರಿನ ಗುರುತು ಆ ಜಮೀನಿನ ರೈತನ ಟ್ರ್ಯಾಕ್ಟರಿನದು, ಅವನ ಜಮೀನಲ್ಲಿ ಓಡಾಡಲು ಅವನಿಗೆ ಯಾರ ಅಪ್ಪಣೆ ಬೇಕು? ಇನ್ನೊಂದು ಕಡೆ, ಎರಡೂ ಬದಿಯ ಬೇಲಿ ಬೆಳೆದು ಮೇಲೆ ಕೂಡಿಕೊಂಡು, ಮಧ್ಯೆ ಮೊಣಕಾಲೆತ್ತರ ಹುಲ್ಲು ನಿಂತ ಓಣಿ ಕಾನೂನಿನ ಲೆಕ್ಕದಲ್ಲಿ ಪಕ್ಕಾ ರಸ್ತೆ ಆಗಿರಬಹುದು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಳ್ಳಿಗಾಡಿನ ಸಾರ್ವಜನಿಕ ದಾರಿಗಳಲ್ಲಿ ನಾಲ್ಕು ಬಗೆ. ಫುಟ್‌ಪಾತ್ ನಡೆಯುವವರಿಗೆ, ಕಂಬದ ಮೇಲೆ ಹಳದಿ ಬಾಣ ಇರುತ್ತದೆ. ಬ್ರೈಡಲ್‌ವೇಯಲ್ಲಿ ಕುದುರೆ, ಸೈಕಲ್ ಕೂಡ ಹೋಗಬಹುದು, ಬಾಣ ನೀಲಿ. ರಿಸ್ಟ್ರಿಕ್ಟೆಡ್ ಬೈವೇಗೆ ನೇರಳೆ ಬಾಣ, ಅಲ್ಲಿ ಇಂಜಿನ್ ಇಲ್ಲದ ಯಾವ ಗಾಡಿಯೂ ಹೋಗಬಹುದು. ಅಂದರೆ ಜಟಕಾ ಹೊಡೆದುಕೊಂಡು ಹೋಗಬಹುದು, ಎತ್ತಿನ ಗಾಡಿ ಸಿಕ್ಕಿದರೆ ಅದನ್ನೂ ಹೊಡೆಯಬಹುದು, ಮೊಪೆಡ್ ಮಾತ್ರ ಕೂಡದು! ನಾಲ್ಕನೆಯದು ಬೈವೇ ಓಪನ್ ಟು ಆಲ್ ಟ್ರಾಫಿಕ್, ಎಲ್ಲರ ಬಾಯಲ್ಲಿ 'ಬೋಟ್'. ಕೆಂಪು ಬಾಣ. ನಮಗೆ ಬೇಕಾದದ್ದು ಇದು.

ಬಾಣ ಬಿದ್ದುಹೋಗಿರುತ್ತದೆ, ಯಾರೋ ಕಿತ್ತಿರುತ್ತಾರೆ, ಹಾಗಾಗಿ ಅದನ್ನೇ ನಂಬಬೇಡಿ. ನಿಜವಾದ ದಾಖಲೆ ಡೆಫಿನಿಟಿವ್ ಮ್ಯಾಪ್. 1949ರ ಕಾಯ್ದೆ ಬಂದ ಮೇಲೆ ಶುರುವಾದ ಕೆಲಸ ಅದು, ಆಯಾ ಕೌಂಟಿಯ ಕೌನ್ಸಿಲ್ ಹತ್ತಿರ ಇರುತ್ತದೆ. ನಮ್ಮೂರ ಗ್ರಾಮ ನಕಾಶೆಯಲ್ಲಿ ಬಂಡಿದಾರಿಗೆ ಒಂದು ಗೆರೆ, ಕಾಲುದಾರಿಗೆ ಇನ್ನೊಂದು ಗೆರೆ ಇರುತ್ತಲ್ಲ, ಹಾಗೇ ಅಂದುಕೊಳ್ಳಿ. ಈಗ ಬಹಳ ಕೌನ್ಸಿಲ್‌ಗಳು ಇದನ್ನು ಆನ್‌ಲೈನ್‌ನಲ್ಲೂ ಇಟ್ಟಿವೆ.

ನಿಜವಾದ ಕಗ್ಗಂಟು ಇರುವುದು 2006ರಲ್ಲಿ. ಅದಕ್ಕೂ ಮುಂಚೆ ಇಲ್ಲಿನ ಕಾನೂನು ಹೀಗಿತ್ತು: ಒಮ್ಮೆ ಸಾರ್ವಜನಿಕ ದಾರಿ ಆದದ್ದು ಯಾವತ್ತೂ ಸಾರ್ವಜನಿಕ ದಾರಿಯೇ, ಮತ್ತು ಕುದುರೆಗಾಡಿಗೆ ಹಕ್ಕಿದ್ದ ಕಡೆ ಮೋಟಾರಿಗೂ ಹಕ್ಕು. ಹಾಗಾಗಿ ಬೈಕಿನವರು, ಜೀಪಿನವರು ಇನ್ನೂರು ವರ್ಷ ಹಳೆಯ ಎನ್‌ಕ್ಲೋಶರ್ ದಾಖಲೆ (ಊರೊಟ್ಟಿನ ಜಮೀನಿಗೆ ಬೇಲಿ ಹಾಕಿ ಹಂಚಿದ ಲೆಕ್ಕ), ಟೈದ್ ಮ್ಯಾಪ್ (ಚರ್ಚಿಗೆ ಕೊಡುವ ತೆರಿಗೆಗಾಗಿ ಮಾಡಿದ ನಕಾಶೆ) ಎಲ್ಲ ಕೆದಕಿ, ಇಲ್ಲಿ ಗಾಡಿ ಓಡುತ್ತಿತ್ತು ನೋಡಿ ಅಂತ ತೋರಿಸಿ, ಕಾಲುದಾರಿಯಂತೆ ಕಾಣುವ ದಾರಿಯನ್ನೂ ಬೋಟ್ ಮಾಡಿಸಿಕೊಳ್ಳಬಹುದಿತ್ತು. ಗಾಡಿ ಓಡಿಸುವ ನನಗೇ ಇದು ಸ್ವಲ್ಪ ಜಾಸ್ತಿ ಆಯ್ತು ಅನ್ನಿಸುತ್ತದೆ. 1800ರ ಜಟಕಾಕ್ಕೂ ಇವತ್ತಿನ ಎರಡು ಟನ್ ಗಾಡಿಗೂ ಎಲ್ಲಿಂದೆಲ್ಲಿಯ ಹೋಲಿಕೆ? ಕೊನೆಗೆ ನ್ಯಾಚುರಲ್ ಎನ್ವಿರಾನ್‌ಮೆಂಟ್ ಅಂಡ್ ರೂರಲ್ ಕಮ್ಯುನಿಟೀಸ್ ಆಕ್ಟ್, ಚಿಕ್ಕದಾಗಿ ನರ್ಕ್ ಅಂತ ಕರೆಯುವ ಕಾಯ್ದೆ ಬಂತು. ಇಂಗ್ಲೆಂಡಿನಲ್ಲಿ 2006ರ ಮೇ 2ಕ್ಕೆ, ವೇಲ್ಸ್‌ನಲ್ಲಿ ಅದೇ ವರ್ಷ ನವೆಂಬರ್‌ನಲ್ಲಿ, ದಾಖಲಾಗದೆ ಉಳಿದಿದ್ದ ಮೋಟಾರು ಹಕ್ಕುಗಳು ಬಹುಪಾಲು ಒಂದೇ ಏಟಿಗೆ ಹೋದವು.

ಬಹುಪಾಲು, ಎಲ್ಲವೂ ಅಲ್ಲ. ಕೆಲವು ವಿನಾಯಿತಿಗಳಿವೆ, ಅದರಲ್ಲಿ ನಮಗೆ ಜಾಸ್ತಿ ಉಪಯೋಗಕ್ಕೆ ಬರುವುದು ಒಂದು. ಡೆಫಿನಿಟಿವ್ ಮ್ಯಾಪಿನಲ್ಲಿ ಇಲ್ಲದಿದ್ದರೂ, ಕೌನ್ಸಿಲ್ ಸರ್ಕಾರಿ ಖರ್ಚಿನಲ್ಲಿ ದುರಸ್ತಿ ಮಾಡಬೇಕಾದ ರಸ್ತೆಗಳ ಪಟ್ಟಿಯಲ್ಲಿ, ಅಂದರೆ ಲಿಸ್ಟ್ ಆಫ್ ಸ್ಟ್ರೀಟ್ಸ್‌ನಲ್ಲಿ, ಆ ದಿನ ಇದ್ದ ದಾರಿಯ ಮೋಟಾರು ಹಕ್ಕನ್ನು ಈ ಕಾಯ್ದೆ ಮುಟ್ಟಲಿಲ್ಲ. ಹಕ್ಕು ಮೊದಲೇ ಇದ್ದಿದ್ದರೆ ಉಳಿಯಿತು ಅಂತ ಅಷ್ಟೇ. ಪಟ್ಟಿಯಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಕಾಲುದಾರಿಗಳೂ ಆ ಪಟ್ಟಿಯಲ್ಲಿ ಇರಬಹುದು. ಜಗಳ ಆಗುವುದು ಹೆಚ್ಚಾಗಿ ಇಂಥ ದಾರಿಗಳಲ್ಲೇ.

ಇಲ್ಲಿನ ಸರ್ಕಾರಿ ನಕಾಶೆ ಸಂಸ್ಥೆ ಆರ್ಡನನ್ಸ್ ಸರ್ವೆಯ ಮ್ಯಾಪ್ ಸಾಕಲ್ವಾ ಅಂತ ಕೇಳುತ್ತೀರಿ. ಶುರು ಮಾಡಲು ಸಾಕು. ಅವರ ಎಕ್ಸ್‌ಪ್ಲೋರರ್ ಮ್ಯಾಪಿನಲ್ಲಿ ಬೋಟ್ ಅಂದರೆ ಹಸಿರು ಕೂಡುಚಿಹ್ನೆಗಳ ಸಾಲು. ಹಸಿರು ಚುಕ್ಕೆಗಳ ಸಾಲು ಅಂದರೆ ಸಾರ್ವಜನಿಕರಿಗೆ ಏನೋ ಒಂದು ಹಕ್ಕಿದೆ, ಏನು ಅಂತ ಕೌನ್ಸಿಲ್‌ಗೆ ಫೋನ್ ಮಾಡಿ ಕೇಳಬೇಕು. ಬರೀ ಕಪ್ಪು ಗೆರೆಯ ದಾರಿಗೆ ಯಾವ ಬೆಲೆಯೂ ಇಲ್ಲ, ಅದು ಹಕ್ಕಿಗೆ ಸಾಕ್ಷಿಯಲ್ಲ ಅಂತ ಮ್ಯಾಪಿನ ಮೇಲೇ ಬರೆದಿರುತ್ತಾರೆ. ಫೋನಿನ ನ್ಯಾವಿಗೇಷನ್ ವಿಷಯ ಬಿಡಿ, ಅದಕ್ಕೆ ಕಾನೂನು ಗೊತ್ತಿಲ್ಲ.

ಬೋಟ್ ಅಂತ ಖಚಿತ ಆದ ಮೇಲೂ ಒಂದು ಕೆಲಸ ಇದೆ. ಟ್ರಾಫಿಕ್ ರೆಗ್ಯುಲೇಷನ್ ಆರ್ಡರ್ ಇದೆಯಾ ನೋಡಿ. ಕೌನ್ಸಿಲ್ ಅಥವಾ ನ್ಯಾಷನಲ್ ಪಾರ್ಕಿನವರು ಇಂಥ ಆದೇಶ ಹೊರಡಿಸಿ ದಾರಿ ಮುಚ್ಚಬಹುದು, ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಸ್ಟ್ಯಾನೇಜ್ ಹತ್ತಿರದ ಲಾಂಗ್ ಕಾಸ್‌ವೇ ಮುಚ್ಚಿದ್ದು ಹೀಗೇ. ದಕ್ಷಿಣ ಇಂಗ್ಲೆಂಡಿನ ಹಳೇ ಗುಡ್ಡದ ದಾರಿ ರಿಜ್‌ವೇಯ ಹಲವು ಭಾಗಗಳಲ್ಲಿ ಚಳಿಗಾಲ ಪೂರ್ತಿ ಮೋಟಾರಿಗೆ ಪ್ರವೇಶವಿಲ್ಲ, ಯಾಕೆಂದರೆ ಒದ್ದೆ ಸುಣ್ಣಕಲ್ಲಿನ ನೆಲ ಗಾಲಿಗೆ ಸಿಕ್ಕಿದರೆ ಕೆಸರುಗದ್ದೆ ಆಗುತ್ತದೆ. ಕೆಂಪು ಉಂಗುರದೊಳಗೆ ಕಾರಿನ ಮೇಲೆ ಬೈಕ್ ಹಾರುತ್ತಿರುವ ಹಾಗೆ ಕಾಣುವ ಫಲಕ ಸಿಕ್ಕಿದರೆ ಸುಮ್ನೆ ವಾಪಸ್ ತಿರುಗಿಸಿ. ಆದರೆ 'ಅನ್‌ಸೂಟಬಲ್ ಫಾರ್ ಮೋಟಾರ್ ವೆಹಿಕಲ್ಸ್' ಅನ್ನುವ ಫಲಕ ನಿಷೇಧವಲ್ಲ, ಎಚ್ಚರಿಕೆ ಅಷ್ಟೇ. ಅದನ್ನು ನೋಡಿ ಬೇಜಾರಾಗಬೇಡಿ, ಮನೆಗೆ ಬಂದು ಆ ದಾರಿಯ ದಾಖಲೆ ಹುಡುಕಿ.

ಇದು ಆಫ್‌ರೋಡ್ ಅಂತ ಇನ್ಶೂರೆನ್ಸ್ ಇಲ್ಲದ, ನಂಬರ್ ಪ್ಲೇಟ್ ಇಲ್ಲದ ಬೈಕ್ ತರುವವರಿದ್ದಾರೆ. ಬೋಟ್ ಕೂಡ ರಸ್ತೆಯೇ ಸ್ವಾಮಿ. ಟ್ಯಾಕ್ಸ್, ಎಂಒಟಿ (ಗಾಡಿ ಓಡಲು ಯೋಗ್ಯ ಅನ್ನುವ ವಾರ್ಷಿಕ ತಪಾಸಣೆ), ಲೈಸೆನ್ಸ್ ಎಲ್ಲ ಬೇಕು. ಬಾಡಿಗೆ ಕಾರಾದರೆ ಮೊದಲು ಕರಾರು ಓದಿ. ಫುಟ್‌ಪಾತಿಗೋ ಬ್ರೈಡಲ್‌ವೇಗೋ ನುಗ್ಗಿದರೆ 1988ರ ರೋಡ್ ಟ್ರಾಫಿಕ್ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಅಪರಾಧ, ಜನಕ್ಕೆ ಕಾಟ ಕೊಟ್ಟರೆ ಗಾಡಿಯನ್ನೇ ಎತ್ತಿಕೊಂಡು ಹೋಗುವ ಅಧಿಕಾರವೂ ಪೊಲೀಸರಿಗಿದೆ.

ಇನ್ನು ಸ್ಕಾಟ್ಲೆಂಡ್‌ಗೆ ಹೋಗುವವರು ಮೇಲಿನದ್ದನ್ನು ಅಲ್ಲಿಗೆ ಅನ್ವಯಿಸಬೇಡಿ. ಅಲ್ಲಿ 2003ರ ಕಾಯ್ದೆ ನಡೆಯುವವರಿಗೆ, ಸೈಕಲ್ ಕುದುರೆಯವರಿಗೆ ಹೆಚ್ಚುಕಡಿಮೆ ಎಲ್ಲ ಕಡೆ ಓಡಾಡುವ ಹಕ್ಕು ಕೊಟ್ಟಿದೆ, ಮೋಟಾರಿಗೆ ಕೊಟ್ಟಿಲ್ಲ. ಜಮೀನಿನ ಮಾಲೀಕರನ್ನು ಮೊದಲೇ ಕೇಳಿಕೊಂಡು ಹೋಗಿ.